ದೇವರನ್ನು ತವರಿಗೆ ಬಿಡಲು ಹೋದದ್ದು

ನಾನು ಮದುವೆಯಾಗಿ ವಿಜಾಪುರದಿಂದ ಟಿಕೋಟಾಕ್ಕೆ ಬಂದಾಗ ನನಗೆ ಹದಿನೆಂಟು ವರ್ಷ. ನಮ್ಮ ಸೀಮೆ ಮುಂಬೈ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಮೂರ್ನಾಲ್ಕು ವರ್ಷವಾಗಿತ್ತು. ಗಂಡನ ಮನೆಯಲ್ಲಿ ಇದ್ದವರು ಮೂವರೇ: ಗಂಡ, ಮಾವ, ಅತ್ತೆ. ಸಣ್ಣ ಸಂಸಾರ, ಮಗಳಿಗೆ ಕೆಲಸ ಹಗುರಾಗುತ್ತದೆ ಎಂದು ನನ್ನ ಅಪ್ಪ ಸಂಬಂಧ ಒಪ್ಪಿಕೊಂಡಿದ್ದರು. ಆ ಮನೆಯ ಜಗಲಿಯ ಮೇಲೆ ಇನ್ನೂ ಐದು ಮಂದಿ ಇದ್ದಾರೆ, ಮನೆಯ ಕೆಲಸವೆಲ್ಲ ಅವರದೇ ಎಂಬುದನ್ನು ಯಾರೂ ಹೇಳಿರಲಿಲ್ಲ.

ಐದೂ ಹಿತ್ತಾಳೆಯ ದೇವರು, ಅಂಗೈ ಮೇಲೆ ಕೂಡುವಷ್ಟು ಸಣ್ಣವು. ಬಸವಣ್ಣ, ವೀರಭದ್ರ, ಎಲ್ಲವ್ವನ ಮುಖ, ಹೆಬ್ಬೆರಳಿನಷ್ಟು ಲಿಂಗ. ಐದನೆಯವನು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ತಲೆಮಾರುಗಟ್ಟಲೆ ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಅವನ ಕಣ್ಣು, ಮೂಗು, ಬಾಯಿ ಎಲ್ಲ ಸವೆದುಹೋಗಿದ್ದವು. ಅತ್ತೆ ಅವನನ್ನು 'ಹಿರ್ಯಾ' ಎನ್ನುತ್ತಿದ್ದರು. ಮಾವ 'ನಮ್ಮಾಂವ' ಎನ್ನುತ್ತಿದ್ದರು, ಯಾಕೆಂದರೆ ಆ ಮನೆಯಲ್ಲಿ ಮಾವನಿಗೂ ಬಾಯಿ ಇರಲಿಲ್ಲ.

ಬೆಳಿಗ್ಗೆ ಮೊದಲ ಬಿಸಿನೀರು ದೇವರಿಗೆ. ಅತ್ತೆ ಹಂಡೆಯಿಂದ ಒಂದು ತಂಬಿಗೆ ತೆಗೆದು, ಮೊಣಕೈ ಅದ್ದಿ ನೋಡಿ, ಕೂಸಿಗೆ ಎರೆಯುವ ಹಾಗೆ ಹದ ಮಾಡುತ್ತಿದ್ದರು. ಆಮೇಲೆ ಮಾವ, ಆಮೇಲೆ ನನ್ನ ಗಂಡ. ನನ್ನ ಪಾಳಿ ಬರುವ ಹೊತ್ತಿಗೆ ಹಂಡೆಯ ನೀರು ಬಾವಿಯ ನೀರಿನಷ್ಟೇ ತಣ್ಣಗಾಗಿರುತ್ತಿತ್ತು. ನೈವೇದ್ಯ ಆಗುವ ತನಕ ಪಲ್ಯದ ಮುಚ್ಚಳ ತೆಗೆಯುವಂತಿಲ್ಲ, ಹತ್ತಿರ ನಿಂತು ಮೂಸುವಂತೆಯೂ ಇಲ್ಲ. ಒಮ್ಮೆ ಬದನೆಕಾಯಿ ಪಲ್ಯದ ಉಪ್ಪು ನೋಡುತ್ತಿದ್ದಾಗ ಸಿಕ್ಕಿಬಿದ್ದೆ.

"ದೇವರಿಗೆ ಎಂಜಲಾ ಉಣಸ್ತೀ ಏನ?" ಅಂದರು ಅತ್ತೆ.

"ಉಪ್ಪು ಹೆಚ್ಚಾಗಿದ್ರ ಹೆಂಗ್ರಿ ಅತ್ತಿ?"

"ಹೆಚ್ಚಾಗಿದ್ರ ಅವರು ಹೇಳ್ತಾರ."

ಅವರು ಎಂದೂ ಹೇಳಲಿಲ್ಲ. ಮಾವ ಕೆಮ್ಮಿ ಹೇಳುತ್ತಿದ್ದರು.

ಅತ್ತೆ ದೇವರ ಜೊತೆ ಮಾತಾಡುವುದನ್ನು ಕೇಳಿದರೆ ಒಳಗೆ ಯಾರೋ ನೆಂಟರು ಬಂದಿದ್ದಾರೆ ಅನಿಸುತ್ತಿತ್ತು. "ವೀರಭದ್ರಪ್ಪಾ, ಸ್ವಲ್ಪ ಆಚೆ ಸರಿ, ಎಲ್ಲವ್ವಗ ಜಾಗಾ ಸಾಲವಲ್ದು" ಎಂದು ಬೈಯುತ್ತಲೇ ಅವನನ್ನು ಸರಿಸಿ ಹೂವು ಏರಿಸುತ್ತಿದ್ದರು. ಅವರಿಗೆ ನಂಬಿಕೆ ಎನ್ನುವುದು ಬೇರೆಯಾಗಿ ಏನೂ ಇರಲಿಲ್ಲ. ಒಲೆ, ನೀರು, ರೊಟ್ಟಿ, ದೇವರು, ಎಲ್ಲ ಒಂದೇ ಸಾಲಿನಲ್ಲಿದ್ದವು.

ದೇವರ ನಂತರ, ಅಥವಾ ದೇವರಿಗಿಂತ ಒಂದು ಗೇಣು ಮೊದಲೇ, ಅವರಿಗೆ ಇದ್ದವರು ಅವರ ಅಕ್ಕ. ನಾನು ದೊಡ್ಡತ್ತೆ ಎನ್ನುತ್ತಿದ್ದೆ. ಇವರ ತವರು ಬಬಲೇಶ್ವರ. ಅಕ್ಕನನ್ನು ಅದೇ ಊರಿನಲ್ಲೇ ಕೊಟ್ಟಿದ್ದರು. ಅತ್ತೆಗೆ ಮೂರು ವರ್ಷವಿದ್ದಾಗ ತಾಯಿ ತೀರಿಕೊಂಡಿದ್ದರಿಂದ, ಹನ್ನೊಂದು ವರ್ಷದ ಈ ಅಕ್ಕನೇ ಅವರನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದರು. ದೊಡ್ಡವರಾದ ಮೇಲೆ ಅಕ್ಕತಂಗಿಯರಿಬ್ಬರೂ ಪರಸ್ಪರ ಮಾತು ಕೊಟ್ಟು ಸೋಮವಾರ ಹಿಡಿದಿದ್ದರು. ಸೋಮವಾರ ದೀಪ ಹಚ್ಚುವ ತನಕ ಬಾಯಿಗೆ ಏನೂ ಇಲ್ಲ, ಬದುಕಿರುವ ತನಕ. ಮಧ್ಯಾಹ್ನ ಹೊಟ್ಟೆ ಚುರುಗುಟ್ಟಿದಾಗ ಅತ್ತೆ ತಮಗೆ ತಾವೇ ಸಮಾಧಾನ ಹೇಳಿಕೊಳ್ಳುತ್ತಿದ್ದರು: "ಇರ್ಲಿ. ಇಲ್ಲೆ ನಾನು ಉಪಾಸ, ಅಲ್ಲೆ ಅಕ್ಕ ಉಪಾಸ."

ನಾನು ಬಂದ ಮರುವರ್ಷದ ಶ್ರಾವಣದಲ್ಲಿ ದೊಡ್ಡತ್ತೆ ಹಾಸಿಗೆ ಹಿಡಿದರು. ಹೊಟ್ಟೆಯಲ್ಲಿ ಗಡ್ಡೆ ಎಂದರು ವಿಜಾಪುರದ ಡಾಕ್ಟರು. ಅತ್ತೆ ಐವರಿಗೂ ಒಂದೊಂದು ಹರಕೆ ಹೊತ್ತರು. ಬಸವಣ್ಣನಿಗೆ ಬೆಳ್ಳಿಯ ಕೋಡು, ಎಲ್ಲವ್ವನಿಗೆ ಹಸಿರು ಸೀರೆ, ಲಿಂಗಕ್ಕೆ ಸಾವಿರ ಬಿಲ್ವಪತ್ರೆ, ವೀರಭದ್ರನಿಗೆ ಹೊಸ ದೀಪ. ಹಿರ್ಯಾನಿಗೆ ಏನು ಇಷ್ಟವೆಂದು ತಿಳಿಯದೆ "ನಿನಗೇನ ಬೇಕೋ ಅದನ್ನ ಕೊಡ್ತೀನಿ, ಕನಸಿನ್ಯಾಗ ಬಂದು ಹೇಳು" ಎಂದು ಬೇಡಿಕೊಂಡರು. ಇಷ್ಟು ಸಾಲದೆಂದು ವಿಜಾಪುರದ ದರ್ಗಾಕ್ಕೂ ಹೋಗಿ ಸಕ್ಕರೆ ಓದಿಸಿಕೊಂಡು ಬಂದರು.

ಕಡೆಗೆ ಒಂದು ಸೋಮವಾರ ಗುಡಿಯ ಅಂಗಾರವನ್ನು, ದೇವರ ಮುಂದಿನ ಬೂದಿಯನ್ನು, ಎಲೆಯಲ್ಲಿ ಕಟ್ಟಿಕೊಂಡು ಬಬಲೇಶ್ವರಕ್ಕೆ ಹೊರಟರು. ನಾನೂ ಜೊತೆಗಿದ್ದೆ. ಬಸ್ಸಿಳಿದು ಓಡುತ್ತ ಹೋದರೆ ಪಡಸಾಲೆಯಲ್ಲಿ ದೊಡ್ಡತ್ತೆಯನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆಗೆ ವಿಭೂತಿ ಬಳಿದಾಗಿತ್ತು. ಭಜನೆಯವರು ತಾಳ ಹಿಡಿದು ಕೂತಿದ್ದರು. ಯಾರೂ ತಡೆಯುವ ಮೊದಲೇ ಅತ್ತೆ ಎಲೆ ಬಿಚ್ಚಿ ಒಂದು ಚಿಟಿಕೆ ಅಂಗಾರವನ್ನು ಅಕ್ಕನ ತುಟಿಗೆ ಹಚ್ಚಿದರು.

"ತಂದೇನಬೇ ಅಕ್ಕಾ" ಅಂದರು. "ಸ್ವಲ್ಪ ತಡಾ ಆತು."

ಆಮೇಲಿನದನ್ನು ನಾನು ಬರೆಯಲಾರೆ.

ದಿನಕಾರ್ಯವೆಲ್ಲ ಮುಗಿದ ಮೇಲೆ ಅತ್ತೆ ಟಿಕೋಟಾಕ್ಕೆ ಮರಳಿದರು. ಮರುದಿನ ಬೆಳಿಗ್ಗೆ ನಾನು ಎಂದಿನಂತೆ ತಂಬಿಗೆಯಲ್ಲಿ ಬಿಸಿನೀರು ತಂದು ಜಗಲಿಯ ಮುಂದೆ ಇಟ್ಟೆ. ಅತ್ತೆ ಆ ತಂಬಿಗೆ ಎತ್ತಿಕೊಂಡು ಬಚ್ಚಲಿಗೆ ಹೋಗಿ ತಮ್ಮ ಕಾಲ ಮೇಲೆ ಸುರಿದುಕೊಂಡರು.

"ಅತ್ತಿ, ದೇವರಿಗ್ರಿ?"

"ಇವತ್ತಿಂದ ಅವರಿಗೆ ನೀರು ಬಂದ್."

"ಯಾಕ್ರಿ?"

"ದೇವರು ಇಲ್ಲ. ಇದ್ದಿದ್ರ ಐದ ಮಂದ್ಯಾಗ ಒಬ್ಬರರ ನನ್ನ ಮಾತು ಕೇಳ್ತಿದ್ರು. ಇಲ್ಲದವರಿಗೆ ಯಾಕ ಜಳಕಾ?"

ಅವತ್ತು ಮಾವ ಹೊಲದಿಂದ ಬಂದು, ಕೈಕಾಲು ತೊಳೆದು, ನೈವೇದ್ಯವಾಗಲಿ ಎಂದು ಕಾಯುತ್ತ ಕೂತರು. ನನ್ನ ಗಂಡನೂ ಬಂದು ಪಕ್ಕದಲ್ಲಿ ಕೂತರು. ನಾನು ಅತ್ತೆ ಹೇಳಲಿ ಎಂದು ಕಾದೆ. ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಆ ಮನೆಯಲ್ಲಿ ದೇವರು ಉಂಡ ಮೇಲೆ ಮನುಷ್ಯರು ಉಣ್ಣಬೇಕು ಎಂಬುದೊಂದು ಗೊತ್ತಿತ್ತೇ ಹೊರತು, ದೇವರೇ ಇಲ್ಲವಾದರೆ ಯಾವಾಗ ಉಣ್ಣಬೇಕು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಮಧ್ಯಾಹ್ನ ಎರಡು ಗಂಟೆ ದಾಟಿದ ಮೇಲೆ ಮಾವ ಮೆಲ್ಲಗೆ, "ಏ ಹುಡುಗಿ, ಇವತ್ತ ಯಾರೂ ಉಣ್ಣೂದಿಲ್ಲೇನ?" ಅಂದರು. ಆಗ ಬಡಿಸಿದೆ. ರೊಟ್ಟಿ ಕಟ್ಟಿಗೆಯಂತಾಗಿದ್ದವು.

ಅತ್ತೆಯ ನಂಬಿಕೆ ಎಷ್ಟು ಕಟ್ಟುನಿಟ್ಟಾಗಿತ್ತೋ ಅಪನಂಬಿಕೆಯೂ ಅಷ್ಟೇ ಕಟ್ಟುನಿಟ್ಟಾಯಿತು. ಆಕಳಿಸುವಾಗ ಯಾರೂ 'ಶಿವಾ' ಎನ್ನುವಂತಿಲ್ಲ. ಮಾವನಿಗೆ ಐವತ್ತು ವರ್ಷದ ರೂಢಿ. ಬಾಯಿ ತೆರೆದು "ಶಿ" ಎಂದವರು ಅತ್ತೆಯ ಕಣ್ಣು ನೋಡಿ ಉಳಿದರ್ಧವನ್ನು ನುಂಗಿಕೊಳ್ಳುತ್ತಿದ್ದರು. ಸೀನು ಬಂದರೆ ಅಂಗಳಕ್ಕೆ ಓಡುತ್ತಿದ್ದರು, ಏನು ಬಾಯಿಗೆ ಬಂದೀತೋ ಎಂದು.

ಮನೆಯ ದೇವರು ಉಪವಾಸ ಬಿದ್ದದ್ದು ಮಾವನಿಗೆ ಸಹಿಸಲಾಗಲಿಲ್ಲ. ಅತ್ತೆ ಸೆಗಣಿ ಬಳಿಯಲು ಹಿತ್ತಿಲಿಗೆ ಹೋದಾಗ ತಾವೇ ಕದ್ದು ಪೂಜೆ ಮಾಡತೊಡಗಿದರು. ಜೀವನದಲ್ಲಿ ಎಂದೂ ಮಾಡಿದವರಲ್ಲ. ಗಡಿಬಿಡಿಯಲ್ಲಿ ಬಸವಣ್ಣನನ್ನು ತಿರುಗಿಸಿ ಇಟ್ಟು ಕುಂಕುಮ ಹಚ್ಚಿ ಹೋಗಿದ್ದರು. ಅತ್ತೆ ಬಂದು ನೋಡಿ ನಡುಮನೆಯಿಂದಲೇ ಕೂಗಿದರು:

"ನಾನಂತೂ ನಂಬೂದಿಲ್ಲ. ಆದ್ರ ನಂಬಾವ್ರು ಮಾರಿಗೆ ಹಚ್ಚಬೇಕು, ಬಾಲದ ಬುಡಕ ಅಲ್ಲ."

ಮಹಾನವಮಿ ಬಂತು. ಊರಲ್ಲೆಲ್ಲ ಹೋಳಿಗೆಯ ವಾಸನೆ. ನಮ್ಮ ಮನೆಯಲ್ಲಿ ದಿನದಂತೆ ಕಡಲೆಹಿಟ್ಟಿನ ಝುಣಕ. ಮಾವ ಎರಡು ದಿನ ಯೋಚಿಸಿ ಧೈರ್ಯ ಮಾಡಿ ಅತ್ತೆಯ ಮುಂದೆ ಕೂತರು.

"ದೇವರಿಲ್ಲ, ಒಪ್ಪಿಕೊಂಡೆ" ಅಂದರು. "ಹೋಳಿಗಿ ಐತಲ್ಲ?"

"ದೇವರಿಗಲ್ಲ ಅಂದ ಮ್ಯಾಲ ಯಾರಿಗೆ ಮಾಡ್ಲಿ?"

'ನನಗೆ' ಎನ್ನುವಷ್ಟು ಧೈರ್ಯ ಮಾವನಲ್ಲಿ ಇರಲಿಲ್ಲ. ಎದ್ದು ಹೊಲಕ್ಕೆ ಹೋದರು.

ಅದಾದ ಮೂರನೆಯ ದಿನವೋ ನಾಲ್ಕನೆಯ ದಿನವೋ ಅತ್ತೆ ಐದೂ ದೇವರನ್ನು ಜಗಲಿಯಿಂದ ಇಳಿಸಿದರು. ಹಳೆಯ ಧೋತರ ಹಾಸಿ, ಒಂದಕ್ಕೊಂದು ತಾಕಿ ಮುಕ್ಕಾಗಬಾರದೆಂದು ನಡುನಡುವೆ ಹತ್ತಿಯಿಟ್ಟು ಗಂಟು ಕಟ್ಟಿದರು. ನನ್ನ ಗಂಡ ಗಾಬರಿಯಾದರು.

"ಯವ್ವಾ, ಏನ ನಡಸೀಬೇ?"

"ಇವರು ನನ್ನ ತವರಿಂದ ಬಂದಾವ್ರು. ಮದುವ್ಯಾಗ ನಮ್ಮಪ್ಪ ಕೊಟ್ಟಿದ್ದ. ನಮಗೂ ಇವರಿಗೂ ಹೊಂದಾಣಿಕಿ ಆಗಲಿಲ್ಲ. ತವರಿಗೆ ಬಿಟ್ಟ ಬರ್ತೀನಿ."

"ಇಲ್ಲ ಅಂತೀಯಲ್ಲ? ಇಲ್ಲದವರನ್ನ ಹೆಂಗ ಬಿಟ್ಟ ಬರ್ತೀ?"

"ಇಲ್ಲಂದ್ರೂ ಬೀದಿಗೆ ಒಗ್ಯಾಕ ಆಕ್ಕೈತೇನು? ನಾಕ ಮಂದಿ ಏನಂತಾರ."

ಬಬಲೇಶ್ವರಕ್ಕೆ ಚಕ್ಕಡಿ ಹೂಡಿಕೊಂಡು ಹೋಗಬಹುದಿತ್ತು. ಮಾವ ಜೀವನದಲ್ಲಿ ಅದೊಂದು ಸಲ ಎದುರು ಮಾತಾಡಿದರು: "ದೇವರನ್ನ ಹೊರಗ ಹಾಕಾಕ ನನ್ನ ಎತ್ತ ಕೊಡಾಂಗಿಲ್ಲ. ಅವಕ್ಕ ಪಾಪ ಹತ್ತತೈತಿ." ಹೀಗಾಗಿ ಬಸ್ಸಿನಲ್ಲಿ ವಿಜಾಪುರಕ್ಕೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿಯುವುದೆಂದಾಯಿತು. ಬಸ್ಸಿನ ಬೋರ್ಡು ಓದಲು ಬರುತ್ತದೆ ಎಂಬ ಒಂದೇ ಗುಣದಿಂದ ನಾನು ಜೊತೆಗೆ ಹೊರಟೆ.

ಬಸ್ಸು ಹತ್ತುತ್ತಲೇ ಕಂಡಕ್ಟರ್ ಗಂಟು ನೋಡಿದ.

"ಯವ್ವಾ, ಅದನ್ನ ಮ್ಯಾಲ ಹಾಕಸ್ರಿ."

"ಮ್ಯಾಲ ಬಿಸಲೈತಿ" ಅಂದರು ಅತ್ತೆ.

"ಹಂಗಾರ ಸೀಟಿನ ಕೆಳಗ ಇಡ್ರಿ."

"ಕೆಳಗ ಮಂದಿ ಕಾಲ ಇರ್ತಾವು."

"ಏನೈತ್ರಿ ಅದರಾಗ? ತತ್ತಿ ಏನು?"

"ದೇವರು."

ಕಂಡಕ್ಟರ್ ಎರಡು ಹೆಜ್ಜೆ ಹಿಂದೆ ಸರಿದ. "ತೊಡಿ ಮ್ಯಾಲ ಇಟಗೋರಿ ಹಂಗಾರ" ಅಂದ. ತೊಡೆ ನನ್ನದಾಯಿತು. ಐದು ಮಂದಿ ದೇವರು ಎಷ್ಟು ಭಾರ ಎಂಬುದು ನನಗೆ ಅವತ್ತು ತಿಳಿಯಿತು.

ಸುದ್ದಿ ಹಿಂದಿನ ಸೀಟಿನ ತನಕ ಹೋಯಿತು. ತೊರವಿ ಇನ್ನೂ ಸ್ವಲ್ಪ ದೂರವಿರುವಾಗ ಬಸ್ಸು ಕೆಮ್ಮಿ ನಿಂತುಬಿಟ್ಟಿತು. ಡ್ರೈವರ್ ಇಳಿದು ಮುಂದಿನ ಮುಚ್ಚಳ ತೆಗೆದು ನೀರು ಹಾಕಿದ, ಏನೇನೋ ಬಡಿದ, ಗಂಡಸರು ಇಳಿದು ನೂಕಿದರು. ಅದು ಅಲುಗಲಿಲ್ಲ. ನಮ್ಮ ಮುಂದಿನ ಸೀಟಿನ ಮುದುಕ ರೈತನೊಬ್ಬ ತಲೆಯ ಪಟಗ ಸರಿಮಾಡಿಕೊಂಡು ಹೇಳಿದ: "ಒಳಗ ದೇವರ ಕುಂತಾವು, ಒಬ್ಬರರ ಕೈ ಮುಗದೀರೇನು? ಮತ್ತ ಹೆಂಗ ಹೋಗ್ತೈತಿ?"

ಅಷ್ಟು ಸಾಕಾಯಿತು. ಒಬ್ಬೊಬ್ಬರಾಗಿ ಬಂದು ನನ್ನ ತೊಡೆಯ ಮೇಲಿನ ಗಂಟು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳತೊಡಗಿದರು. ಒಬ್ಬಳು ತನ್ನ ಕೂಸಿನ ತಲೆಯನ್ನು ಗಂಟಿಗೆ ಮುಟ್ಟಿಸಿದಳು. ಕೂಸು ಕಿಟಾರನೆ ಕಿರುಚಿತು. ಕಡೆಗೆ ಡ್ರೈವರ್ ಕೂಡ ಎಣ್ಣೆಯ ಕೈಯನ್ನು ಚಡ್ಡಿಗೆ ಒರೆಸಿಕೊಂಡು ಬಂದು ಮುಟ್ಟಿ ಹೋದ. ಹೋಗಿ ಕೂತು ತಿರುವಿದ. ಬಸ್ಸು ಗುರ್ ಎಂದಿತು.

"ನೋಡ್ರಿ!" ಎಂದ ಮುದುಕ. ಬಸ್ಸಿನಲ್ಲಿ ಜೈಕಾರವೇ ಆಯಿತು.

ಅತ್ತೆ ಎದ್ದು ನಿಂತರು. "ಬಸ್ಸು ಚಾಲೂ ಮಾಡಾಕ ಬರ್ತೈತಿ ಇವಕ್ಕ" ಅಂದರು. "ಒಂದ ಜೀವಾ ಉಳಸಾಕ ಬರೂದಿಲ್ಲ."

ಮುದುಕ ಹಿಂದೆ ತಿರುಗಿ, "ಯಾರ ಹೋಗ್ಯಾರ ಯವ್ವಾ?" ಎಂದು ಕೇಳಿದ.

"ಅಕ್ಕ."

ಅವನು ಎದ್ದು ತನ್ನ ಕಿಟಕಿಯ ಪಕ್ಕದ ಜಾಗ ಅತ್ತೆಗೆ ಬಿಟ್ಟುಕೊಟ್ಟು ವಿಜಾಪುರದ ತನಕ ನಿಂತೇ ಬಂದ.

ಬಬಲೇಶ್ವರದ ಬಸ್ಸಿಗೆ ಇನ್ನೂ ಎರಡು ತಾಸು ಇತ್ತು. ಸ್ಟ್ಯಾಂಡಿನ ಪಕ್ಕದ ಚಹಾದಂಗಡಿಯ ನೆರಳಿನಲ್ಲಿ ಕೂತೆವು. ಒಳಗೆ ಭಜಿ ಕರಿಯುತ್ತಿದ್ದರು. ನನಗೆ ಹಸಿವು.

"ಏನರ ತಿಂತೀರೇನ್ರಿ ಅತ್ತಿ?"

"ಇವತ್ತ ಸೋಮವಾರ" ಅಂದವರು ಅಲ್ಲಿಗೇ ನಿಲ್ಲಿಸಿದರು. ನಾನು ಅವರ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು.

"ಯಾರ ಸೋಮವಾರ?" ಅಂದರು. "ಹೋಗು. ಭಜಿ ತಗೊಂಡ ಬಾ."

ಅಂಗಡಿಯ ತಿಂಡಿಯನ್ನು ಹುಟ್ಟಿದಾಗಿನಿಂದ ಬಾಯಿಗೆ ಇಡದವರು, ಇಪ್ಪತ್ತು ವರ್ಷ, ದೇವರು ಇಲ್ಲ ಎಂದ ಮೇಲೂ, ಸೋಮವಾರ ಹಗಲು ಹಲ್ಲಿಗೆ ಹಲ್ಲು ತಾಗಿಸದವರು, ನಾನು ತಂದ ಮೆಣಸಿನಕಾಯಿ ಭಜಿಯನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡರು. ಕಣ್ಣಲ್ಲಿ ನೀರು ಬಂತು. ಹಟಕ್ಕೆ ಇನ್ನೊಂದು ತಿಂದರು. ಬಿಕ್ಕಳಿಕೆ ಶುರುವಾಯಿತು.

ಅಷ್ಟರಲ್ಲಿ ಬಳೆ ಮಾರುವ ಮುಸಲ್ಮಾನರ ಮುದುಕಿಯೊಬ್ಬಳು ನಮ್ಮನ್ನು ನೋಡಿ ಬಂದಳು. ಟಿಕೋಟಾಕ್ಕೂ ಬಬಲೇಶ್ವರದ ಸಂತೆಗೂ ಹೋಗುತ್ತಿದ್ದವಳು, ಅಕ್ಕತಂಗಿಯರಿಬ್ಬರ ಕೈಗೂ ಬಳೆ ಇಟ್ಟವಳು. ಅತ್ತೆ ಒಂದು ಮಾತಿಗೆ ಒಂದು ಬಿಕ್ಕಳಿಕೆಯಂತೆ ಅವಳಿಗೆ ಎಲ್ಲವನ್ನೂ ಹೇಳಿದರು. ಅವಳು ಬಳೆಯ ಗಂಟು ಕೆಳಗಿಟ್ಟು ಪೂರ್ತಿ ಕೇಳಿದಳು.

"ನನ್ನ ನಡುವಿನ ಮಗಾ ಹೋದಾಗ ನಾನೂ ನಮಾಜ ಬಿಟ್ಟಿದ್ನೆವ್ವಾ" ಅಂದಳು. "ಒಂದ ವರ್ಷ."

ಅತ್ತೆ ಬೆರಗಾದರು. "ಮತ್ತ? ದೇವರು ಏನ ಮಾಡಿದ?"

"ಏನ ಮಾಡ್ತಾನ? ಏನೂ ಮಾಡ್ಲಿಲ್ಲ. ಕುಂತು ಏಳೂದು ಬಿಟ್ನೆಲ್ಲ, ನನ್ನ ಮೊಣಕಾಲು ಹಿಡಕೊಂಡ್ವು. ಮೊಣಕಾಲಿನ ಸಲುವಾಗಿ ಮತ್ತ ಚಾಲೂ ಮಾಡಿದೆ."

"ಮಗನ ದುಃಖ?"

"ಅದು ಹಂಗ ಐತಿ. ನಮಾಜ ಬಿಟ್ಟಾಗೂ ಇತ್ತು, ಈಗೂ ಐತಿ. ನೀರ ಕುಡಿ, ಬಿಕ್ಕು ನಿಲ್ತೈತಿ."

ನಿಲ್ಲಲಿಲ್ಲ. ಬಿಕ್ಕುತ್ತಲೇ ಬಬಲೇಶ್ವರದಲ್ಲಿ ಇಳಿದೆವು.

ಅತ್ತೆಯ ತವರುಮನೆಯಲ್ಲಿ ಆಗ ಇದ್ದವರು ಅವರ ಅಣ್ಣ ಮತ್ತು ಅತ್ತಿಗೆ. ಅತ್ತೆ ಗಂಟನ್ನು ನಡುಮನೆಯಲ್ಲಿ ಇಳಿಸಿ, "ತಗೋ ಅಣ್ಣಾ, ನಿಮ್ಮ ದೇವರು" ಅಂದರು.

ಅಣ್ಣ ಗಂಟನ್ನು ಮುಟ್ಟಲೇ ಇಲ್ಲ. "ಕೊಟ್ಟ ದೇವರನ್ನ ಹೊಳ್ಳಿ ತಗೊಳ್ಳೂ ಪದ್ಧತಿ ನಮ್ಮನ್ಯಾಗ ಇಲ್ಲ."

"ಕೊಟ್ಟ ಹೆಣ್ಣು ತಿರುಗಿ ಬಂದ್ರ ಇಟಗೋತೀರಿಲ್ಲೋ?"

"ಹೆಣ್ಣ ಬಂದ್ರ ಕೆಲಸಾ ಮಾಡ್ತಾಳ" ಎಂದು ಅತ್ತಿಗೆ ಬಾಗಿಲ ಹಿಂದಿನಿಂದ ಹೇಳಿದರು. "ಇವಕ್ಕ ನಾವ ಮಾಡಬೇಕು. ನಮ್ಮ ಜಗಲಿ ಮ್ಯಾಲ ಆಗಲೇ ಏಳ ಮಂದಿ ಅದಾರ."

ಮಾತಿಗೆ ಮಾತು ಬೆಳೆಯಿತು. ಕಡೆಗೆ ಅಣ್ಣ ಓಣಿಯ ಅಯ್ಯನವರನ್ನು ಕರೆಸಿದರು. ಅವರು ಬಂದು, ಕಂಬಳಿಯ ಮೇಲೆ ಕೂತು, ಕಣ್ಣು ಮುಚ್ಚಿ, "ಎಲ್ಲಾ ಶಿವನ ಇಚ್ಛಾ ತಂಗಿ" ಅಂದರು.

"ಅಯ್ಯನೋರ, ಹ್ವಾದ ವರ್ಷ ನಿಮ್ಮ ಆಕಳ ಸತ್ತಾಗ ನೀವು ಎರಡ ದಿನಾ ಉಂಡಿರಲಿಲ್ಲಂತ. ಅಕ್ಕ ಹೇಳಿದ್ಲು. ಅದು ಯಾರ ಇಚ್ಛಾ?"

ಅಯ್ಯನವರು ಕಣ್ಣು ತೆರೆದು ಗಡ್ಡ ನೀವಿಕೊಂಡರು. "ಹೊಟ್ಟ್ಯಾಗ ಕರಾ ಇತ್ತು ತಂಗಿ" ಅಂದರು ಸಣ್ಣ ದನಿಯಲ್ಲಿ. ಶಿವನ ಮಾತು ಅಲ್ಲಿಗೇ ನಿಂತಿತು. ಸ್ವಲ್ಪ ಹೊತ್ತು ಆಕಳ ಬಣ್ಣ, ಅದು ಕೊಡುತ್ತಿದ್ದ ಹಾಲು, ಇವನ್ನೆಲ್ಲ ಹೇಳಿ ಎದ್ದು ಹೋದರು.

ಅತ್ತೆ ಗಂಟನ್ನು ನನ್ನ ಕೈಗೆ ಕೊಟ್ಟು, ಎರಡು ಓಣಿ ಆಚೆಗಿದ್ದ ದೊಡ್ಡತ್ತೆಯ ಮನೆಗೆ ನಡೆದರು. ಅಕ್ಕನ ಗಂಡ, ಎಪ್ಪತ್ತರ ಹತ್ತಿರದ ಮುದುಕರು, ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದರು. ದೊಡ್ಡತ್ತೆಯನ್ನು ಕೂಡಿಸಿದ್ದ ಗೋಡೆಯ ಕಡೆ ನೋಡದೆ ಅತ್ತೆ ಅವರ ಎದುರು ಕೂತರು.

"ಮಾಮಾ, ಇವರನ್ನ ಅಕ್ಕನ ಜಗಲಿ ಮ್ಯಾಲ ಇಟಗೋರಿ. ಅಕ್ಕ ಭಾಳ ನಂಬಿದಾಕಿ. ನನ್ನ ಕೈಲೆ ಆಗೂದಿಲ್ಲ. ನಾ ಇವತ್ತ ಸೋಮವಾರ ಮುರದೇನಿ."

"ಮುರದ್ರ ಮುರೀಲಿ ಬಿಡು" ಅಂದರು ಮುದುಕರು.

"ಇವತ್ತೊಂದ ಅಲ್ಲ." ಅತ್ತೆ ಸುಲಿದ ಶೇಂಗಾದತ್ತ ಕೈ ಮಾಡಿದರು. "ಶ್ರಾವಣದಾಗ, ಅಕ್ಕ ಹಾಸಗ್ಯಾಗ ಇದ್ದಾಗ, ಪಂಚಮಿ ಉಂಡಿಗಿ ಶೇಂಗಾ ಹುರ್ಯೂಮುಂದ ಮರ್ತು ನಾಕ ಕಾಳ ಬಾಯಾಗ ಹಾಕ್ಕೊಂಡಿದ್ದೆ. ಅವತ್ತ ಸೋಮವಾರ. ಮುಂದ ಅಕ್ಕ ಹೋಗಿದ್ದೂ ಸೋಮವಾರ. ನಾ ಯಾರಿಗೂ ಹೇಳಿಲ್ಲ ಮಾಮಾ. ದೇವರ ಇದ್ದಾನಂದ್ರ ನನ್ನಕ್ಕನ್ನ ನಾನ ಕೊಂದಂಗಾತು. ಅದಕ್ಕ ಇಲ್ಲ, ಇಲ್ಲ ಅನ್ನಾಕತ್ತೇನಿ."

ಅದಾಗಿ ಎರಡು ತಿಂಗಳು ಕಳೆದಿದ್ದರೂ, ಅದೇ ಮನೆಯಲ್ಲಿ ಇದ್ದ ನನಗೆ ಇದು ಗೊತ್ತೇ ಇರಲಿಲ್ಲ. ಗಂಟು ಹಿಡಿದು ಬಾಗಿಲಲ್ಲೇ ನಿಂತುಬಿಟ್ಟೆ.

ಮುದುಕರು ಸುಲಿಯುವುದನ್ನು ನಿಲ್ಲಿಸಿದರು. "ನಾಕ ಕಾಳಾ?" ಅಂದರು. "ಸೋಮವಾರಾ? ಆಕಿ ಎಲ್ಲೆ ಸೋಮವಾರ ಉಪಾಸ ಇರ್ತಿದ್ಲು?"

"ಅಂದ್ರ?"

"ಮೊದಲ ಮೂರ ಸೋಮವಾರ ಹಿಡದ್ಲು. ನಾಲ್ಕನೇದಕ್ಕ ತಲಿ ತಿರುಗಿ ಬಾವಿಕಟ್ಟಿ ಮ್ಯಾಲ ಬಿದ್ಲು. ಅವತ್ತಿಂದ ಸೋಮವಾರ ಒಂದ ರೊಟ್ಟಿ ಹೆಚ್ಚಿಗೀನ ತಿಂತಿದ್ಲು."

"ಸುಳ್ಳ."

"ನಿನಗ ಹೇಳಬ್ಯಾಡಂತ ನನ್ನ ಮ್ಯಾಲ ಆಣಿ ಹಾಕಿದ್ಲು. ಸಣ್ಣಾಕಿ ಒಬ್ಬಾಕಿನ ಉಪಾಸ ಅಂದ್ರ ನೊಂದಕೋತಾಳ, ನಾನೂ ಅದೀನಿ ಅಂದ್ರ ಆಕೀಗೆ ಧೈರ್ಯ ಇರ್ತೈತಿ ಅಂತಿದ್ಲು. ನೀ ಸೋಮವಾರ ಇಲ್ಲಿಗೆ ಬಂದಾಗ ಆಕಿ ಘಳಿಗಿಗೊಮ್ಮಿ ದನಾ ನೋಡಾಕ ಯಾಕ ಹೋಗ್ತಿದ್ಲು ಅಂದಕೊಂಡೀ? ಕೊಟ್ಟಗ್ಯಾಗ ರೊಟ್ಟಿ ಬುಟ್ಟಿ ಇಟ್ಟಿದ್ಲು."

ಅತ್ತೆಯ ಭುಜ ಅಲುಗತೊಡಗಿತು. ಅಳುತ್ತಾರೆ ಎಂದುಕೊಂಡೆ. ನಗುತ್ತಿದ್ದರು.

"ನಾ ಏನ ಅಂತಿದ್ದೆ ಮಾಮಾ... ಉಪಾಸ ಇದ್ರೂ ಅಕ್ಕನ ಮಾರಿ ಹೆಂಗ ಹೊಳೀತೈತಿ ನೋಡ್ರಿ, ಆಕೀಗೆ ದೇವರು ಒಲದಾನ ಅಂತಿದ್ದೆ!"

"ರೊಟ್ಟಿ ಒಲದಿದ್ವು" ಅಂದರು ಮುದುಕರು. ಅವರೂ ನಗತೊಡಗಿದರು. ಬಾಯಲ್ಲಿ ಎರಡೇ ಹಲ್ಲು. ನಾನೂ ತಡೆಯಲಾರದೆ ನಕ್ಕೆ, ಸಾವಾದ ಮನೆಯಲ್ಲಿ ಸೊಸೆ ಹೀಗೆ ನಗಬಾರದು ಎಂದು ಸೆರಗು ಬಾಯಿಗೆ ಒತ್ತಿಕೊಂಡೆ. ಅತ್ತೆ "ಕಳ್ಳಿ, ಇಪ್ಪತ್ತ ವರ್ಷ ಕಳ್ಳಿ" ಎನ್ನುತ್ತ ನಗುತ್ತಲೇ ಇದ್ದರು. ನಗುತ್ತ ನಗುತ್ತ ಆ ಗೋಡೆಯ ಕಡೆ ತಿರುಗಿ, ಅದಕ್ಕೆ ಹಣೆ ಹಚ್ಚಿ, ಅಕ್ಕ ಸತ್ತ ದಿನಕ್ಕಿಂತ ಹೆಚ್ಚು ಅತ್ತರು. ಯಾರೂ ಅವರನ್ನು ತಡೆಯಲಿಲ್ಲ. ಎಲ್ಲ ಮುಗಿದ ಮೇಲೆ ನೋಡಿದರೆ ಬಿಕ್ಕಳಿಕೆ ನಿಂತಿತ್ತು.

ಆ ಮನೆಯಲ್ಲಿ ಅತ್ತೆ ರೊಟ್ಟಿ, ಮೊಸರು, ಶೇಂಗಾ ಚಟ್ನಿ ಉಂಡರು. ಹೊತ್ತು ಮುಳುಗಲು ಇನ್ನೂ ಬಹಳ ಇತ್ತು. ಗಂಟನ್ನು ಅಲ್ಲಿ ಬಿಡುವ ಮಾತು ಅವರೂ ತೆಗೆಯಲಿಲ್ಲ, ಮುದುಕರೂ ತೆಗೆಯಲಿಲ್ಲ. ಬಸ್ಸಿನಲ್ಲಿ ಮತ್ತೆ ನನ್ನ ತೊಡೆ.

ಟಿಕೋಟಾದಲ್ಲಿ ಮಾವ ಕಟ್ಟೆಯ ಮೇಲೆ ಕಾಯುತ್ತಿದ್ದರು. ಗಂಟು ನೋಡಿ ಮುಖ ಅರಳಿತು. ಅತ್ತೆ ಅವರತ್ತ ನೋಡದೆ, "ಯಾರೂ ಇಟಗೊಳ್ಳಲಿಲ್ಲ. ಎಲ್ಲಿಗೆ ಹೋಗ್ತಾವ, ಪಾಪ" ಅಂದು ಒಳಗೆ ಹೋದರು.

ಆಮೇಲೆ ಎಲ್ಲ ಮೊದಲಿನಂತಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ದೇವರು ಎಂಟು ದಿನ ಗಂಟಿನಲ್ಲೇ ಇದ್ದರು. ಹತ್ತಿಗೆ ಇರುವೆ ಬಂದವು ಎಂದು ಬಿಚ್ಚಿದರು. ಧೂಳಾಗಿದೆ ಎಂದು ತೊಳೆದರು. ತೊಳೆದ ಮೇಲೆ ನೆಲದ ಮೇಲೆ ಯಾಕೆ ಎಂದು ಜಗಲಿಗೆ ಏರಿಸಿದರು. ದೀಪಾವಳಿಗೆ ಮನೆಯೆಲ್ಲ ದೀಪ ಇಡುವಾಗ ಅಲ್ಲಿಗೂ ಒಂದು ಹೋಯಿತು. ಆದರೆ ಹರಕೆ ಎನ್ನುವ ಮಾತನ್ನು ಅವರು ಮತ್ತೆಂದೂ ಆಡಲಿಲ್ಲ. ಸೋಮವಾರ ಎಲ್ಲರ ಜೊತೆ ಕೂತು ಉಂಡರು. ಪೂಜೆ ಮಾಡುವಾಗ ಬೇಡುವುದಿರಲಿಲ್ಲ, ಬರೀ ಮಾತು. ಒಂದು ದಿನ ನಾನು ಧೈರ್ಯ ಮಾಡಿ ಕೇಳಿದೆ:

"ಅತ್ತಿ, ದೇವರ ಅದಾನೇನ್ರಿ?"

"ಯಾರಿಗೆ ಗೊತ್ತವ್ವಾ" ಅಂದರು, ಹೂವು ಏರಿಸುತ್ತ. "ನನಗ ಅಕ್ಕನ ಜೋಡಿ ಮಾತಾಡಬೇಕು ಅನಸ್ತೈತಿ. ಹಿತ್ತಲದಾಗ ನಿಂತ ಮಾತಾಡಿದ್ರ ಹುಚ್ಚಿ ಅಂತಾರ. ಇಲ್ಲಿ ಕುಂತ ಮಾತಾಡಿದ್ರ ಪೂಜಿ ಅಂತಾರ."

ಎರಡು ವರ್ಷದ ಮೇಲೆ ನನ್ನ ಚೊಚ್ಚಲ ಹೆರಿಗೆ. ತವರಿಗೆ ಹೋಗುವ ಮೊದಲೇ ಒಂದು ಬೆಳಿಗ್ಗೆ ನೋವು ಶುರುವಾಗಿ, ಮಧ್ಯಾಹ್ನವಾದರೂ ಹೆರಿಗೆ ಆಗಲಿಲ್ಲ. ಸೂಲಗಿತ್ತಿ ಕೂಸು ಅಡ್ಡ ಆಗಿದೆ, ತನ್ನ ಕೈಯಲ್ಲಿಲ್ಲ ಎಂದಳು. ನನ್ನ ಗಂಡ ಹೊಸ್ತಿಲಲ್ಲಿ ನಿಂತು, "ಯವ್ವಾ, ಜಗಲಿ ಮುಂದ ಏನರ ಬೇಡ್ಕೋಬೇ" ಎಂದು ಗೋಗರೆದದ್ದು ನನಗೆ ಕೇಳಿಸಿತು.

"ಕುಂತ ಬೇಡಾಕ ಹೊತ್ತಿಲ್ಲ. ನೀ ಇಕಿ ಕೈ ಹಿಡಕೊಂಡ ಕುಂಡ್ರು" ಎಂದು ಅತ್ತೆ ಬರಿಗಾಲಲ್ಲಿ ಓಡಿದರು, ಊರಲ್ಲಿ ಜೀಪು ಇದ್ದ ಒಬ್ಬನೇ ಒಬ್ಬನ ಮನೆಗೆ. ಅವನು ಊಟಕ್ಕೆ ಕೂತಿದ್ದನಂತೆ. ಅತ್ತೆ ತಟ್ಟೆಯನ್ನು ಎಳೆದುಕೊಂಡು, "ನೀ ಬಂದ ಮ್ಯಾಲ ನಾನ ಉಣಸ್ತೀನಿ, ಏಳೋ" ಅಂದರಂತೆ. ಅವನು ಕೈ ತೊಳೆಯದೆ ಬಂದ. ವಿಜಾಪುರದ ತನಕ ಅತ್ತೆ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ದಾರಿಯ ಒಂದೊಂದು ತಗ್ಗಿಗೂ ಅವನನ್ನು ಬೈದರು, ತಗ್ಗನ್ನೂ ಬೈದರು, ರಸ್ತೆ ಮಾಡಿದ ಸರಕಾರವನ್ನೂ ಬೈದರು. ನೋವಿನ ನಡುವೆಯೂ ನನಗೆ ನಗು ಬಂದದ್ದು ನೆನಪಿದೆ.

ಸಂಜೆ ಬಿಸಿಲು ಇರುವಾಗಲೇ ಹೆಣ್ಣುಮಗು ಹುಟ್ಟಿತು. ಇಬ್ಬರೂ ಉಳಿದೆವು. ನರ್ಸಬಾಯಿ ಕೂಸನ್ನು ಅರಿವೆಯಲ್ಲಿ ಸುತ್ತಿ ತಂದು ಅತ್ತೆಯ ಕೈಗೆ ಕೊಟ್ಟು, "ದೇವರು ಕಾಪಾಡಿದ ನೋಡ್ರಿ ಅಜ್ಜಿ" ಅಂದಳು.

"ಇರಬಹುದವ್ವಾ" ಅಂದರು ಅತ್ತೆ. "ನೀನೂ ಮಧ್ಯಾಹ್ನದಿಂದ ನಿಂತ ಕಾಲ ಮ್ಯಾಲ ನಿಂತೀ. ಸ್ವಲ್ಪ ಕುಂಡ್ರು ಬಾ." ತಾವು ಕೂತಿದ್ದ ಸ್ಟೂಲನ್ನು ಕಾಲಿನಿಂದ ಅವಳತ್ತ ನೂಕಿದರು.

ನರ್ಸಬಾಯಿ ನಕ್ಕು ಕೂತಳು. ಅತ್ತೆ ನನ್ನ ಮಗಳನ್ನು ಕಿಟಕಿಯ ಬೆಳಕಿಗೆ ಹಿಡಿದು, ಕಿವಿ ಯಾರ ಹಾಗಿವೆ ಎಂದು ಒಂದೊಂದಾಗಿ ನೋಡತೊಡಗಿದರು.